‘ಮಲ್ಟಿಮೀಡಿಯಾ ಡೆವಲಪರ್’ ಸಂಬಳಕ್ಕೊಂದು ವರದಿ: 1,499 ರೂಪಾಯಿಗೆ ಸಿಕ್ಕಿದ್ದೇನು?

ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಕಚೇರಿಯ ಕ್ಯಾಂಟೀನಿನಲ್ಲಿ ಬೇರೆ ಮಾತೇ ಇರುವುದಿಲ್ಲ. ಈ ಸಲ ಶೇಕಡಾ ಎಷ್ಟು ಹೆಚ್ಚಿಸುತ್ತಾರೆ, ಎದುರಿನ ಕಟ್ಟಡದ ಕಂಪನಿಯಲ್ಲಿ ಎಷ್ಟು ಕೊಡುತ್ತಿದ್ದಾರೆ ಎಂಬ ಲೆಕ್ಕಾಚಾರದಲ್ಲೇ ಕಾಫಿ ಆರಿಹೋಗುತ್ತದೆ. ಕಂಪ್ಯೂಟರಿನಲ್ಲಿ ಕಲಿಯುವ ಪಾಠಗಳನ್ನು ಸಿದ್ಧಪಡಿಸುವ ಬೆಂಗಳೂರಿನ ಇ-ಲರ್ನಿಂಗ್ ಕಂಪನಿಗಳಲ್ಲಿ ‘ಮಲ್ಟಿಮೀಡಿಯಾ ಡೆವಲಪರ್’ ಎಂಬ ಹಣೆಪಟ್ಟಿಯಡಿ ಹದಿನಾರು ವರ್ಷ ದುಡಿದಿರುವ ನನಗೆ, ನನ್ನ ಕೆಲಸಕ್ಕೆ ಮಾರುಕಟ್ಟೆಯಲ್ಲಿ ನಿಜವಾಗಿ ಎಷ್ಟು ಬೆಲೆಯಿದೆ ಎಂಬುದನ್ನು ಯಾರಾದರೂ ಅಚ್ಚುಕಟ್ಟಾಗಿ ಬರೆದುಕೊಟ್ಟರೆ ಮ್ಯಾನೇಜರ್ ಮುಂದೆ ಕೂರುವಾಗ ಅನುಕೂಲವಾದೀತೆಂಬ ಆಸೆಯಿತ್ತು. ಆ ಆಸೆಯಿಂದಲೇ ವೇತನ ಮಾಹಿತಿ ಮಾರುವ ಒಂದು ಜಾಲತಾಣದಲ್ಲಿ 1,499 ರೂಪಾಯಿ ಕೊಟ್ಟು ‘ವೈಯಕ್ತಿಕ ವೇತನ ವರದಿ’ಯನ್ನು ಕೊಂಡೆ. ತಾಣದ ಹೆಸರನ್ನು ಹೇಳುವುದಿಲ್ಲ. ಇಂಥ ವರದಿ ಮಾರುವವರು ಹಲವರಿರುವುದರಿಂದ, ಕೊಳ್ಳುವವರು ಯಾವ ಪುಟವನ್ನು ನಂಬಬಹುದು, ಯಾವುದನ್ನು ದಾಟಿಸಿ ಓದಬೇಕು ಎಂಬುದನ್ನಷ್ಟೇ ಹೇಳುತ್ತೇನೆ.

ಹುದ್ದೆ, ಊರು, ಅನುಭವದ ವರ್ಷ, ಬಳಸುವ ತಂತ್ರಾಂಶಗಳು, ಈಗಿನ ಸಂಬಳ ಇಷ್ಟನ್ನು ತುಂಬಿದ ಹತ್ತೇ ನಿಮಿಷದಲ್ಲಿ ಇಪ್ಪತ್ತೆರಡು ಪುಟಗಳ ಪಿಡಿಎಫ್ ಕಡತ ಇಮೇಲಿಗೆ ಬಂತು. ನೋಡಲು ಸೊಗಸಾಗಿದೆ. ಹದಿನಾಲ್ಕನೆಯ ಪುಟದಲ್ಲಿ ಇದರ ಅತ್ಯುತ್ತಮ ಭಾಗವಿರುವುದರಿಂದ ಅಲ್ಲಿಂದಲೇ ಆರಂಭಿಸುವುದು ನ್ಯಾಯ.

ಆ ಪುಟವು ಸಿಟಿಸಿಯನ್ನೂ (ಅಂದರೆ ಒಬ್ಬ ನೌಕರನಿಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚನ್ನೂ) ಕೈಗೆ ಬರುವ ಸಂಬಳವನ್ನೂ ಬಿಡಿಸಿ ತೋರಿಸುತ್ತದೆ. ವರ್ಷಕ್ಕೆ ಆರು ಲಕ್ಷ ಎಂದರೆ ತಿಂಗಳಿಗೆ ಐವತ್ತು ಸಾವಿರ ಎಂದು ಭಾವಿಸಿ ಬಾಡಿಗೆ ಮನೆ ಹುಡುಕಲು ಹೊರಟ ಹೊಸಬರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಆ ಆರು ಲಕ್ಷದಲ್ಲಿ ಶೇ 10ರಷ್ಟು ‘ವೇರಿಯೇಬಲ್ ಪೇ’, ಅಂದರೆ ಸಾಧನೆ ನೋಡಿ ಕೊಡುವ ಅನಿಶ್ಚಿತ ಭಾಗ, ಎಂದು 60,000 ರೂಪಾಯಿ ಪಕ್ಕಕ್ಕೆ ಹೋಗುತ್ತದೆ. ಕಂಪನಿಯು ತನ್ನ ಪಾಲಿನ ಪಿಎಫ್ ವಂತಿಗೆಯನ್ನು 15,000 ರೂಪಾಯಿ ಮಿತಿಯ ಮೇಲೆ ಶೇ 12ರಂತೆ ಲೆಕ್ಕಹಾಕಿ ತಿಂಗಳಿಗೆ 1,800ರಂತೆ ವರ್ಷಕ್ಕೆ 21,600 ರೂಪಾಯಿಯನ್ನು ಅದೇ ಮೊತ್ತದೊಳಗೆ ಸೇರಿಸಿರುತ್ತದೆ. ಮೂಲವೇತನ ಮೂರು ಲಕ್ಷವಾಗಿದ್ದರೆ ಗ್ರಾಚ್ಯುಟಿಗೆಂದು ಶೇ 4.81ರಂತೆ 14,430 ರೂಪಾಯಿ. ಎರಡು ಮೂರು ವರ್ಷಕ್ಕೊಮ್ಮೆ ಕಂಪನಿ ಬದಲಿಸುವ ನಮ್ಮ ವೃತ್ತಿಯವರಿಗೆ, ಐದು ವರ್ಷ ತುಂಬಿದ ಮೇಲೆ ಸಿಗುವ ಈ ಹಣ ಬಹುಮಟ್ಟಿಗೆ ಕಾಗದದ ಮೇಲಿನ ಹಣವೇ. ಆರೋಗ್ಯ ವಿಮೆಯ ಕಂತೆಂದು ಇನ್ನೊಂದು ಎಂಟು ಸಾವಿರ ಕಳೆದು, ಉಳಿದದ್ದನ್ನು ಹನ್ನೆರಡರಿಂದ ಭಾಗಿಸಿ, ನೌಕರನ ಪಾಲಿನ ಪಿಎಫ್ 1,800 ಮತ್ತು ವೃತ್ತಿ ತೆರಿಗೆ 200 ರೂಪಾಯಿಯನ್ನು ಮುರಿದುಕೊಂಡರೆ ಬ್ಯಾಂಕ್ ಖಾತೆಗೆ ಬರುವುದು ಸುಮಾರು 39,300 ರೂಪಾಯಿ. ಆಫರ್ ಲೆಟರ್ ಕೈಗೆ ಬಂದ ದಿನ ಈ ಒಂದು ಲೆಕ್ಕವನ್ನು ಮಾಡಿಕೊಂಡವನು ಮುಂದೆ ಪೇಚಾಡುವುದಿಲ್ಲ. ವರದಿಯ ಈ ಪುಟಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ.

ತಕರಾರು ಇರುವುದು ಮೊದಲ ಪುಟದ ಬಗ್ಗೆ. ಅಲ್ಲಿ ದಪ್ಪ ಅಕ್ಷರದಲ್ಲಿ ಒಂದೇ ಒಂದು ಸಂಖ್ಯೆಯಿದೆ: ಬೆಂಗಳೂರಿನ ಮಲ್ಟಿಮೀಡಿಯಾ ಡೆವಲಪರ್‌ನ ಸರಾಸರಿ ವೇತನ. ಅದರ ಕೆಳಗೆ ಕನಿಷ್ಠ ಮತ್ತು ಗರಿಷ್ಠದ ಪಟ್ಟಿಯೂ ಇದೆ. ಗರಿಷ್ಠವು ಕನಿಷ್ಠದ ಆರು ಪಟ್ಟು. ಇಷ್ಟು ಅಂತರ ಏಕಿದೆ ಎಂದು ಕೇಳಿಕೊಂಡಿದ್ದರೆ ವರದಿ ಸಿದ್ಧಪಡಿಸಿದವರಿಗೆ ಉತ್ತರ ಅಲ್ಲೇ ಹೊಳೆಯುತ್ತಿತ್ತು. ಈ ಹುದ್ದೆಯ ಹೆಸರಿನಡಿ ಸುದ್ದಿವಾಹಿನಿಯಲ್ಲಿ ರಾತ್ರಿ ಪಾಳಿಯಲ್ಲಿ ಕುಳಿತು ಗ್ರಾಫಿಕ್ಸ್ ಮಾಡುವವರಿದ್ದಾರೆ, ಜಾಹೀರಾತು ಸಂಸ್ಥೆಗೆ ಆಫ್ಟರ್ ಎಫೆಕ್ಟ್ಸ್‌ನಲ್ಲಿ ಚಲಿಸುವ ಅಕ್ಷರ ಮಾಡುವವರಿದ್ದಾರೆ, ಸ್ಟೋರಿಲೈನ್‌ನಲ್ಲಿ ಕಂಪನಿಗಳ ತರಬೇತಿ ಪಾಠ ಕಟ್ಟುವವರಿದ್ದಾರೆ, ಯೂನಿಟಿಯಲ್ಲಿ ಕಾರ್ಖಾನೆ ಯಂತ್ರದ ವಿಆರ್ (ವರ್ಚುವಲ್ ರಿಯಾಲಿಟಿ) ಮಾದರಿ ರೂಪಿಸುವವರೂ ಇದ್ದಾರೆ. ಇವರೆಲ್ಲರ ಸಂಬಳವನ್ನು ಒಟ್ಟುಹಾಕಿ ಭಾಗಿಸಿದರೆ ಬರುವುದು ಇವರಲ್ಲಿ ಯಾರಿಗೂ ಸಿಗದ ಸಂಬಳ.

ನಮ್ಮ ತಂಡದ ಉದಾಹರಣೆಯನ್ನೇ ಕೊಡುತ್ತೇನೆ. ಅಕ್ಕಪಕ್ಕದ ಮೇಜಿನಲ್ಲಿ ಕೂರುವ ಇಬ್ಬರು ಹುಡುಗಿಯರ ಗುರುತಿನ ಚೀಟಿಯಲ್ಲಿ ಒಂದೇ ಹುದ್ದೆ, ಇಬ್ಬರಿಗೂ ಆರು ವರ್ಷದ ಅನುಭವ. ಒಬ್ಬಳು ಪಾಠದ ಪ್ರತಿ ಪರದೆಯ ನಕ್ಷೆಯಾದ ಸ್ಟೋರಿಬೋರ್ಡ್‌ನಲ್ಲಿ ಬರೆದಂತೆ ಪರದೆಗಳನ್ನು ಚೊಕ್ಕಟವಾಗಿ ಕಟ್ಟಿಕೊಡುತ್ತಾಳೆ. ಅವಳ ಕೆಲಸದಲ್ಲಿ ತಪ್ಪು ಹುಡುಕುವುದು ಕಷ್ಟ. ಇನ್ನೊಬ್ಬಳು ಅದೇ ಕೆಲಸವನ್ನು ಮಾಡುತ್ತಲೇ ಜಾವಾಸ್ಕ್ರಿಪ್ಟ್ ಬರೆಯಬಲ್ಲಳು. ಒಮ್ಮೆ ಅಮೆರಿಕದ ಗ್ರಾಹಕರಿಗೆ ಕಳಿಸಿದ ಪಾಠವೊಂದನ್ನು ಅರ್ಧಕ್ಕೆ ನಿಲ್ಲಿಸಿ ಮರುದಿನ ತೆರೆದ ಉದ್ಯೋಗಿಗಳು ಮತ್ತೆ ಮೊದಲ ಪರದೆಗೇ ಬಂದು ಬೀಳತೊಡಗಿದರು. ಎರಡು ದಿನ ಎಲ್ಲರೂ ತಲೆ ಕೆಡಿಸಿಕೊಂಡರು. ಕೊನೆಗೆ ಈ ಎರಡನೆಯವಳು ಕಂಡುಹಿಡಿದದ್ದು ಏನೆಂದರೆ, ಗ್ರಾಹಕರ ಕಲಿಕಾ ವ್ಯವಸ್ಥೆ ಬಳಸುತ್ತಿದ್ದುದು, ಪಾಠಕ್ಕೂ ಆ ವ್ಯವಸ್ಥೆಗೂ ನಡುವೆ ಮಾಹಿತಿ ಸಾಗಿಸುವ ಮಾನದಂಡವಾದ ಸ್ಕಾರ್ಮ್ 1.2, ಕಲಿಯುವವನು ಎಲ್ಲಿ ನಿಲ್ಲಿಸಿದ ಎಂಬುದನ್ನು ನೆನಪಿಡಲು ಅದರಲ್ಲಿ 4,096 ಅಕ್ಷರಗಳಿಗಷ್ಟೇ ಜಾಗ. ನಮ್ಮ ಪಾಠ ದೊಡ್ಡದಾದ್ದರಿಂದ ಆ ದಾಖಲೆ ಮಧ್ಯಕ್ಕೇ ಕತ್ತರಿಸಿಹೋಗುತ್ತಿತ್ತು. ಸ್ಕಾರ್ಮ್ 2004ರ ನಾಲ್ಕನೆಯ ಆವೃತ್ತಿಯಲ್ಲಿ ಈ ಮಿತಿ 64,000 ಅಕ್ಷರ. ಅವಳು ಪಾಠವನ್ನು ಮೂರು ಭಾಗ ಮಾಡಿದಳು, ಸಮಸ್ಯೆ ಮುಗಿಯಿತು. ಮುಂದಿನ ವರ್ಷ ಅವಳು ಬೇರೆ ಕಂಪನಿಯ ಆಫರ್ ತಂದಾಗ ಅವಳನ್ನು ಉಳಿಸಿಕೊಳ್ಳಲು ನಮ್ಮವರು ಕೊಟ್ಟ ಸಂಬಳ ಪಕ್ಕದ ಮೇಜಿನವಳ ಸಂಬಳದ ಹತ್ತಿರಹತ್ತಿರ ಎರಡರಷ್ಟು. ವರದಿಯ ಅರ್ಜಿಯಲ್ಲಿ, ಈಗಿನ ಸಂಬಳವೊಂದನ್ನು ಬಿಟ್ಟರೆ, ಇವರಿಬ್ಬರೂ ಒಂದೇ ಉತ್ತರ ತುಂಬುತ್ತಿದ್ದರು. ಇಬ್ಬರಿಗೂ ಒಂದೇ ಸಂಖ್ಯೆ ಬರುತ್ತಿತ್ತು.

ಸಂದರ್ಶನ ನಡೆಸುವವನಾಗಿ ನಾನು ಕಂಡ ಮಟ್ಟಿಗೆ, ನಮ್ಮ ಕ್ಷೇತ್ರದಲ್ಲಿ ಹೊಸಬರಿಗೆ ವರ್ಷಕ್ಕೆ ಎರಡೂವರೆಯಿಂದ ನಾಲ್ಕು ಲಕ್ಷ, ಐದಾರು ವರ್ಷ ಪಳಗಿದವರಿಗೆ ಆರರಿಂದ ಹತ್ತು ಲಕ್ಷ, ಅದೇ ಅನುಭವದ ಜೊತೆಗೆ ಕೋಡ್ ಬರೆಯಬಲ್ಲವರಿಗೆ ಅಥವಾ ಯೂನಿಟಿ ಬಲ್ಲವರಿಗೆ ಅದಕ್ಕೂ ಮೇಲೆ ಎಂಬುದು ರೂಢಿ. ಇದು ನನ್ನ ಕಣ್ಣಳತೆಯೇ ಹೊರತು ಸಮೀಕ್ಷೆಯಲ್ಲ. ಆದರೂ ವರದಿಯ ಸರಾಸರಿಗಿಂತ ಇದೇ ಹೆಚ್ಚು ಉಪಯುಕ್ತ ಎಂದು ಸಂಕೋಚವಿಲ್ಲದೆ ಹೇಳಬಲ್ಲೆ.

ಏಳನೆಯ ಪುಟದಲ್ಲಿ ಅನುಭವ ಹೆಚ್ಚಿದಂತೆ ಸಂಬಳ ಏರುವುದನ್ನು ತೋರಿಸುವ ಒಂದು ನೇರ ಗೆರೆಯಿದೆ. ಆ ಗೆರೆಯನ್ನು ನೋಡಿ ನನಗೆ ನಗು ಬಂತು. ನಾನು 2009ರಲ್ಲಿ ಕೆಲಸಕ್ಕೆ ಸೇರಿದಾಗ ಮಲ್ಟಿಮೀಡಿಯಾ ಎಂದರೆ ಬ್ರೌಸರಿನಲ್ಲಿ ಆನಿಮೇಶನ್ ಓಡಿಸುವ ಅಡೋಬಿಯ ಫ್ಲ್ಯಾಶ್, ಫ್ಲ್ಯಾಶ್ ಎಂದರೆ ಅದಕ್ಕೆ ಕೋಡ್ ಬರೆಯುವ ಭಾಷೆಯಾದ ಆಕ್ಷನ್‌ಸ್ಕ್ರಿಪ್ಟ್. ಮರುವರ್ಷದ ಏಪ್ರಿಲ್‌ನಲ್ಲಿ ಸ್ಟೀವ್ ಜಾಬ್ಸ್ ತಮ್ಮ ಐಫೋನು, ಐಪ್ಯಾಡುಗಳಿಗೆ ಫ್ಲ್ಯಾಶ್ ಏಕೆ ಬೇಡವೆಂದು ಬಹಿರಂಗ ಪತ್ರ ಬರೆದರು. ನಾವು ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 2017ರಲ್ಲಿ ಅಡೋಬಿಯೇ ತಾರೀಕು ಘೋಷಿಸಿತು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರ್‌ನ ಕತೆ ಮುಗಿಯಿತು. ಎಂಟು ಹತ್ತು ವರ್ಷ ಆಕ್ಷನ್‌ಸ್ಕ್ರಿಪ್ಟ್ ಒಂದನ್ನೇ ನೆಚ್ಚಿಕೊಂಡವರ ಅನುಭವಕ್ಕೆ ಸಂದರ್ಶನದಲ್ಲಿ ಬೆಲೆಯೇ ಉಳಿಯಲಿಲ್ಲ. ನನಗೂ ಎರಡು ವರ್ಷ ಒಂದು ರೂಪಾಯಿ ಹೆಚ್ಚಾಗಲಿಲ್ಲ. ವಿಚಿತ್ರವೆಂದರೆ ಅದೇ ವೇಳೆಯಲ್ಲಿ ಹಳೆಯ ಫ್ಲ್ಯಾಶ್ ಪಾಠಗಳನ್ನು, ಫ್ಲ್ಯಾಶ್ ಇಲ್ಲದೆ ಬ್ರೌಸರಿನಲ್ಲೇ ಓಡುವ ಎಚ್‌ಟಿಎಂಎಲ್5ಕ್ಕೆ ಬದಲಿಸುವ ಕೆಲಸ ರಾಶಿರಾಶಿಯಾಗಿ ಬಂದು, ಎರಡೂ ಭಾಷೆ ಬಲ್ಲ ಕೆಲವರು ಕೇಳಿದಷ್ಟು ಸಂಬಳ ಪಡೆದರು. ಆಕ್ಷನ್‌ಸ್ಕ್ರಿಪ್ಟ್ ಮತ್ತು ಜಾವಾಸ್ಕ್ರಿಪ್ಟ್ ಒಂದೇ ಮೂಲದ ದಾಯಾದಿಗಳಾದ್ದರಿಂದ ದಾಟುವುದು ಅಷ್ಟೇನೂ ಕಷ್ಟವಿರಲಿಲ್ಲ. ನಾನು ತಡವಾಗಿ ದಾಟಿದೆ. ಹಾಗಾಗಿ ನನ್ನ ಸಂಬಳದ ಗೆರೆ ಎಳೆದರೆ ಅದು ಮಲೆನಾಡಿನ ರಸ್ತೆಯಂತೆ ಕಾಣುತ್ತದೆ, ವರದಿಯಲ್ಲಿನ ಗೆರೆಯಂತಲ್ಲ.

ಇದಕ್ಕಿಂತ ದೊಡ್ಡ ಲೋಪವೊಂದಿದೆ: ಕೆಲಸಕ್ಕೆ ಹಣ ಕೊಡುವವರು ಯಾರು ಎಂಬ ಪ್ರಶ್ನೆಯೇ ಇಪ್ಪತ್ತೆರಡು ಪುಟಗಳಲ್ಲಿ ಎಲ್ಲೂ ಇಲ್ಲ. ನನ್ನ ಮಟ್ಟಿಗೆ ಸಂಬಳವನ್ನು ನಿರ್ಧರಿಸುವ ಮುಖ್ಯ ಸಂಗತಿಯೇ ಅದು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಜಾಗತಿಕ ಸಾಮರ್ಥ್ಯ ಕೇಂದ್ರ, ಅಂದರೆ ತನ್ನದೇ ಕೆಲಸಕ್ಕೆ ಇಲ್ಲಿ ನಡೆಸುವ ಕಚೇರಿ, ತೆರೆದಿರುವ ವಿದೇಶಿ ಬ್ಯಾಂಕೊಂದರ ಒಳಗಿನ ತರಬೇತಿ ವಿಭಾಗದಲ್ಲಿ ಕುಳಿತು ಪಾಠ ಕಟ್ಟುವವನಿಗೂ, ಅದೇ ಬ್ಯಾಂಕಿಗೆ ಹೊರಗುತ್ತಿಗೆಯಲ್ಲಿ ಪಾಠ ಕಟ್ಟಿಕೊಡುವ ಕಂಪನಿಯ ನೌಕರನಿಗೂ ಕೆಲಸದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಸಂಬಳದಲ್ಲಿ ಒಂದೂವರೆ ಪಟ್ಟು ವ್ಯತ್ಯಾಸವಿರುವುದನ್ನು ನಾನೇ ಕಂಡಿದ್ದೇನೆ. ಹೊರಗುತ್ತಿಗೆಯ ಕಂಪನಿ ಸಿದ್ಧ ಪಾಠದ ನಿಮಿಷಕ್ಕಿಷ್ಟು ಎಂದು ದರ ಒಪ್ಪಿಕೊಂಡಿರುತ್ತದೆ, ಅದರಲ್ಲೇ ಸ್ಟೋರಿಬೋರ್ಡ್ ಬರೆಯುವವರಿಂದ ಹಿಡಿದು ಪರೀಕ್ಷಿಸುವವರ ತನಕ ಎಲ್ಲರ ಸಂಬಳವೂ ಹೊರಡಬೇಕು. ಇದನ್ನು ಬಿಟ್ಟು ವರದಿಯು ಅಮೆರಿಕದ ಅಂಕಿಯನ್ನು ರೂಪಾಯಿಗೆ ಬದಲಿಸಿ ಹಾಕಿದೆ. ಅಲ್ಲಿನ ಕಾರ್ಮಿಕ ಅಂಕಿಅಂಶ ಇಲಾಖೆಯ ಲೆಕ್ಕದಂತೆ ಸ್ಪೆಷಲ್ ಎಫೆಕ್ಟ್ಸ್ ಕಲಾವಿದರು ಮತ್ತು ಆನಿಮೇಟರುಗಳ ಮಧ್ಯಮ ವೇತನ 2023ರಲ್ಲಿ ವರ್ಷಕ್ಕೆ ಸುಮಾರು 99,000 ಡಾಲರ್ ಎಂಬುದು ನಿಜವೇ. ಅದನ್ನು ವಿನಿಮಯ ದರದಿಂದ ಗುಣಿಸಿ ನಮ್ಮ ಮುಂದೆ ಹಿಡಿದರೆ ಹೊಟ್ಟೆ ಉರಿಯುತ್ತದೆಯೇ ಹೊರತು ಇನ್ಕ್ರಿಮೆಂಟ್ ಬರುವುದಿಲ್ಲ.

ಮಾರುಕಟ್ಟೆಯ ಏರಿಳಿತದ ಬಗ್ಗೆಯೂ ವರದಿ ಮೌನವಾಗಿದೆ. ಆನಿಮೇಶನ್, ವಿಎಫ್ಎಕ್ಸ್, ಗೇಮಿಂಗ್ ಉದ್ಯಮಕ್ಕೆ ಕರ್ನಾಟಕ ಸರ್ಕಾರ ದೇಶದಲ್ಲೇ ಮೊದಲು, 2012ರಲ್ಲಿ ನೀತಿ ರೂಪಿಸಿದ್ದು, 2024ರಿಂದ 2029ರ ಅವಧಿಗೆ ಮೂರನೆಯ ನೀತಿ ತಂದಿರುವುದು ಬಣ್ಣದ ಪೆಟ್ಟಿಗೆಯೊಳಗೆ ಮುದ್ರಿತವಾಗಿದೆ. 2025ರ ಫೆಬ್ರುವರಿಯಲ್ಲಿ, ಸಿನಿಮಾಗಳಿಗೆ ವಿಎಫ್ಎಕ್ಸ್ ಮಾಡುತ್ತಿದ್ದ ಟೆಕ್ನಿಕಲರ್ ಸಮೂಹ ಕುಸಿದು, ಬೆಂಗಳೂರಿನ ಅದರ ಸ್ಟುಡಿಯೊ ಬಾಗಿಲು ಮುಚ್ಚಿದ್ದು ಮಾತ್ರ ಎಲ್ಲೂ ಇಲ್ಲ. ಒಂದೇ ವಾರದಲ್ಲಿ ಅಷ್ಟು ಜನ ಅನುಭವಿಗಳು ಕೆಲಸ ಹುಡುಕಲು ಹೊರಟಾಗ ಊರಿನ ಸಂಬಳದ ಮಟ್ಟಕ್ಕೆ ಏನಾಗುತ್ತದೆಂಬುದಕ್ಕೆ ಪಂಡಿತರು ಬೇಕಿಲ್ಲ. ನಮ್ಮಲ್ಲಿ ಖಾಲಿಯಿದ್ದ ಒಂದು ಸಣ್ಣ ಹುದ್ದೆಗೆ, ಅದಕ್ಕಿಂತ ಎರಡು ಮೆಟ್ಟಿಲು ಮೇಲಿದ್ದವರು ಆ ವಸಂತದಲ್ಲಿ ಅರ್ಜಿ ಹಾಕಿದರು. ಸಂಬಳ ಎಷ್ಟೆಂದು ಅವರು ಕೇಳಲೇ ಇಲ್ಲ, ಯಾವಾಗ ಸೇರಬಹುದೆಂದು ಕೇಳಿದರು.

ಇನ್ನು ಚೌಕಾಸಿಯ ಕುರಿತ ಸಲಹೆಗಳು. ‘ನಿಮ್ಮ ಅತ್ಯುತ್ತಮ ಕೆಲಸವನ್ನು ಪೋರ್ಟ್‌ಫೋಲಿಯೊದಲ್ಲಿ ತೋರಿಸಿ’ ಎಂದು ವರದಿ ಉಪದೇಶಿಸುತ್ತದೆ. ಇ-ಲರ್ನಿಂಗ್‌ನಲ್ಲಿ ಮಾಡಿದ ಕೆಲಸವೆಲ್ಲ ಗ್ರಾಹಕರ ಸೊತ್ತು; ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದವನು ತಾನೇ ಕಟ್ಟಿದ ಪಾಠದ ಒಂದು ಪರದೆಯನ್ನೂ ಹೊರಗೆ ತೋರಿಸುವಂತಿಲ್ಲ. ಹದಿನಾರು ವರ್ಷದ ಕೆಲಸದಲ್ಲಿ ನಾನು ಬಹಿರಂಗವಾಗಿ ತೋರಿಸಬಹುದಾದದ್ದು ರಜೆಯಲ್ಲಿ ನನ್ನ ಖುಷಿಗೆಂದು ಮಾಡಿದ ಎರಡು ಮಾದರಿಗಳು ಮಾತ್ರ. ಜಾಹೀರಾತು ಲೋಕದ ಮೋಶನ್ ಗ್ರಾಫಿಕ್ಸ್ ಕಲಾವಿದ ಒಂದೂವರೆ ನಿಮಿಷದ ಶೋರೀಲ್ ತೋರಿಸಿ ಸಂಬಳ ಏರಿಸಿಕೊಳ್ಳುವಾಗ ನಾವು ಬಾಯಿಮಾತಿನಲ್ಲಿ ವರ್ಣಿಸುತ್ತ ಕೂರುತ್ತೇವೆ. ಇದರ ಜೊತೆಗೆ ತೊಂಬತ್ತು ದಿನಗಳ ನೋಟಿಸ್ ಅವಧಿ. ‘ನಾಳೆಯೇ ಸೇರುತ್ತೇನೆ’ ಎನ್ನಬಲ್ಲವನಿಗೆ ಸಿಗುವ ಹತ್ತಿಪ್ಪತ್ತು ಪರ್ಸೆಂಟ್ ಹೆಚ್ಚಳ ನಮಗೆ ತಪ್ಪುವುದು ಇದರಿಂದಲೇ. ಇವೆರಡರ ಬಗ್ಗೆ ಒಂದು ಸಾಲಾದರೂ ಬೇಕಿತ್ತು.

ಸ್ವತಂತ್ರವಾಗಿ ಕೆಲಸ ಮಾಡುವವರಿಗೆಂದು ಕೊಟ್ಟಿರುವ ಗಂಟೆಯ ದರವಂತೂ ಅಪಾಯಕಾರಿ. ವಾರ್ಷಿಕ ಸಂಬಳವನ್ನು 2,080 ಗಂಟೆಗಳಿಂದ, ಅಂದರೆ ವಾರಕ್ಕೆ ನಲವತ್ತರಂತೆ ಐವತ್ತೆರಡು ವಾರಗಳಿಂದ, ಭಾಗಿಸಿ ಬಂದ ಉತ್ತರವನ್ನೇ ಬರೆದಿದ್ದಾರೆ. ಕೆಲಸವಿಲ್ಲದ ದಿನಗಳು, ಗ್ರಾಹಕರು ಮೂರನೆಯ ಬಾರಿ ತಿದ್ದುಪಡಿ ಕೇಳಿದ ದಿನಗಳು, ತಂತ್ರಾಂಶಕ್ಕೆ ಕಟ್ಟುವ ಚಂದಾ, ಬಿಲ್ಲಿನಿಂದ ಸಾಮಾನ್ಯವಾಗಿ ಶೇ 10ರಷ್ಟು ಟಿಡಿಎಸ್ ಮುರಿದುಕೊಂಡು ಎರಡು ತಿಂಗಳ ಮೇಲೆ ಬರುವ ಹಣ, ಇವು ಯಾವುವೂ ಆ ಭಾಗಾಕಾರದಲ್ಲಿಲ್ಲ. ಆ ದರವನ್ನು ನಂಬಿ ಕೆಲಸ ಬಿಟ್ಟವನು ಆರು ತಿಂಗಳಲ್ಲಿ ಹಿಂತಿರುಗುತ್ತಾನೆ.

ಸೇವೆಯ ವಿಷಯಕ್ಕೆ ಬಂದರೆ, ಸರಾಸರಿಯನ್ನು ಎಷ್ಟು ಜನರ ಸಂಬಳದಿಂದ ತೆಗೆದಿರಿ ಎಂದು ಇಮೇಲ್ ಬರೆದೆ. ನಾಲ್ಕು ದಿನದ ಮೇಲೆ ‘ನಮ್ಮ ವಿಧಾನ ಗೌಪ್ಯ’ ಎಂಬ ಉತ್ತರದ ಜೊತೆಗೆ, 2,999 ರೂಪಾಯಿಯ ಮೇಲ್ದರ್ಜೆಯ ವರದಿ ಕೊಳ್ಳಲು ರಿಯಾಯಿತಿ ಕೂಪನ್ ಬಂತು. ಹಣ ಹಿಂದಿರುಗಿಸುವ ಪದ್ಧತಿ ಅವರಲ್ಲಿಲ್ಲ. ಐದಕ್ಕೆ ಎರಡು ಅಂಕ ಕೊಡುತ್ತೇನೆ; ಆ ಎರಡೂ ಹದಿನಾಲ್ಕನೆಯ ಪುಟಕ್ಕೆ.

ಆ ಪುಟವನ್ನು ಮಾತ್ರ ದಾವಣಗೆರೆಯಲ್ಲಿರುವ ಅಕ್ಕನ ಮಗನಿಗೆ ಕಳಿಸಿದೆ. ಮಲ್ಟಿಮೀಡಿಯಾ ಕೋರ್ಸ್ ಮುಗಿಸಿದ ಅವನಿಗೆ ಮೊದಲ ಆಫರ್ ಲೆಟರ್ ಬಂದಿತ್ತು. ರಾತ್ರಿ ಫೋನ್ ಮಾಡಿ, ‘ಮಾಮಾ, ಈ ವೇರಿಯೇಬಲ್ ಪೇ ಅನ್ನೋದು ಬರುತ್ತೋ ಬರಲ್ವೋ?’ ಎಂದು ಕೇಳಿದ. ಹೋದ ವರ್ಷ ನೌಕರರಿಗೆ ಅದರಲ್ಲಿ ಶೇಕಡಾ ಎಷ್ಟು ಕೊಟ್ಟಿರಿ ಎಂದು ಎಚ್‌ಆರ್‌ನವರಿಗೇ ಇಮೇಲಿನಲ್ಲಿ ಕೇಳೆಂದು ಹೇಳಿಕೊಟ್ಟೆ. ಮೂರು ದಿನ ಉತ್ತರ ಬರಲಿಲ್ಲ. ನಾಲ್ಕನೆಯ ದಿನ ಪರಿಷ್ಕೃತ ಆಫರ್ ಲೆಟರ್ ಬಂತು. ಒಟ್ಟು ಮೊತ್ತ ಅಷ್ಟೇ ಇತ್ತು, ವೇರಿಯೇಬಲ್ ಪೇ ಎಂಬ ಸಾಲು ಇರಲಿಲ್ಲ.