ಭರತಪುರದ ಘನಾದಲ್ಲಿ ಸೈಕಲ್ಲೋ, ರಿಕ್ಷಾವೋ, ಕಾಲ್ನಡಿಗೆಯೋ?

ರಾಜಸ್ಥಾನದ ಭರತಪುರದಲ್ಲಿ ಎಷ್ಟು ಹಕ್ಕಿ ಕಾಣುತ್ತವೆ ಅನ್ನೋದು ಅರ್ಧ ಅದೃಷ್ಟ. ಇನ್ನರ್ಧ, ಒಳಗೆ ಹೇಗೆ ಹೋಗುತ್ತೀರಿ ಅನ್ನೋದು. ಬೋರ್ಡಿನಲ್ಲಿ ಕೇವಲಾದೇವ ರಾಷ್ಟ್ರೀಯ ಉದ್ಯಾನ ಅಂತಿದ್ದರೂ ಊರಿನವರ ಬಾಯಲ್ಲಿ ಅದು ಘನಾ. ಇರೋದು ಸುಮಾರು 29 ಚದರ ಕಿಲೋಮೀಟರ್. ಗೇಟಿನಿಂದ ಕೇವಲಾದೇವ ಶಿವನ ಗುಡಿಯವರೆಗೆ ಐದು ಕಿಲೋಮೀಟರಿನಷ್ಟು ಡಾಂಬರು ರಸ್ತೆ. ದಿಣ್ಣೆ ಇಲ್ಲ, ಇಳಿಜಾರಿಲ್ಲ. ನೀರಿರುವ ಭಾಗಕ್ಕೆ ಸ್ವಂತ ಕಾರು, ಬೈಕು ಬಿಡುವುದಿಲ್ಲ. ಹಾಗಾಗಿ ಬಾಡಿಗೆ ಸೈಕಲ್, ರಿಕ್ಷಾ, ಇಲ್ಲವೇ ನಿಮ್ಮ ಕಾಲು. ಮೂರನ್ನೂ ಬೇರೆ ಬೇರೆ ಚಳಿಗಾಲದಲ್ಲಿ ನೋಡಿದ್ದೇನೆ.

ರಿಕ್ಷಾದ ಬಲ ಅದನ್ನು ತುಳಿಯುವವರ ಕಣ್ಣಿನಲ್ಲಿದೆ. ಇಲ್ಲಿನ ಸೈಕಲ್ ರಿಕ್ಷಾದವರಿಗೆ ಹಕ್ಕಿ ಗುರುತಿಸುವ ತರಬೇತಿ ಕೊಟ್ಟಿದ್ದಾರೆ. ವರ್ಷಗಟ್ಟಲೆ ಅದೇ ರಸ್ತೆಯಲ್ಲಿ ತಿರುಗಿದವರಿಗೆ ಪುಸ್ತಕವೂ ಬೇಕಿಲ್ಲ. ನಮ್ಮ ರಿಕ್ಷಾದವರು ಒಂದು ಜಾಲಿ ಮರದ ಹತ್ತಿರ ಸುಮ್ನೆ ನಿಲ್ಲಿಸಿ, ಮಾತಾಡದೆ ಬೆರಳು ತೋರಿಸಿದರು. ನನಗೆ ಕಂಡದ್ದು ಬೂದು ತೊಗಟೆ ಅಷ್ಟೇ. ಬೈನಾಕ್ಯುಲರ್ ಹಿಡಿದು ಅರ್ಧ ನಿಮಿಷ ನೋಡಿದ ಮೇಲೆ ತೊಗಟೆಗೆ ಎರಡು ಹಳದಿ ಕಣ್ಣು ಮೂಡಿದವು. ಪಕ್ಕದಲ್ಲಿ ಇನ್ನೆರಡು. ಹಾಲಕ್ಕಿ ಅನ್ನೋ ಸಣ್ಣ ಗೂಬೆಗಳ ಜೋಡಿ, ಒಂದಕ್ಕೊಂದು ಅಂಟಿಕೊಂಡು ಬಿಸಿಲು ಕಾಯಿಸುತ್ತಿದ್ದವು. ಸೈಕಲ್ಲಿನಲ್ಲಿ ನಾನು ಆ ಮರವನ್ನು ತಿರುಗಿಯೂ ನೋಡುತ್ತಿರಲಿಲ್ಲ.

ಆದರೆ ರಿಕ್ಷಾಕ್ಕೆ ಗಂಟೆಯ ಲೆಕ್ಕ. ಎರಡನೇ ಗಂಟೆ ಮುಗಿಯುತ್ತಿದ್ದಂತೆ ಮನಸ್ಸು ಹಕ್ಕಿ ಬಿಟ್ಟು ಗಡಿಯಾರ ನೋಡುತ್ತದೆ. ಅದೂ ಅಲ್ಲದೆ ರಿಕ್ಷಾ ಡಾಂಬರು ಬಿಟ್ಟು ಇಳಿಯುವುದು ಕಡಿಮೆ. ಘನಾದ ರುಚಿ ಇರೋದೇ ಪಕ್ಕದ ಮಣ್ಣಿನ ಏರಿಗಳಲ್ಲಿ. ಈ-ರಿಕ್ಷಾ ಕೂಡ ಓಡುತ್ತದೆ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಸರಿ. ಇಲ್ಲದಿದ್ದರೆ ಹಕ್ಕಿ ನೋಡೋದಕ್ಕೆ ಅದರ ಓಟ ಜಾಸ್ತಿಯಾಯಿತು.

ಆ ಏರಿಗಳ ಬಗ್ಗೆ ಸ್ವಲ್ಪ ಹೇಳಬೇಕು. ಇದು ತಾನಾಗಿ ಆದ ಕೆರೆ ಅಲ್ಲ. 18ನೇ ಶತಮಾನದಲ್ಲಿ ಭರತಪುರದ ರಾಜ ಸೂರಜ್ ಮಲ್ ಅಜಾನ್ ಬಂಡ್ ಅನ್ನೋ ಒಡ್ಡು ಕಟ್ಟಿಸಿದ ಮೇಲೆ ಈ ತಗ್ಗಿಗೆ ನೀರು ಹರಿಯಿತು. ಮುಂದಿನ ರಾಜರು ಬಾತು ಬೇಟೆಗೆಂದು ಏರಿಗಳು, ತೂಬುಗಳಿಂದ ಇದನ್ನು ತುಂಡು ತುಂಡು ಮಾಡಿದರು. ಇವತ್ತು ನಾವು ತುಳಿಯುವ ಮಟ್ಟಸ ದಾರಿಗಳೆಲ್ಲ ಹೆಚ್ಚುಕಡಿಮೆ ಆ ಏರಿಗಳೇ. ಎರಡೂ ಕಡೆ ನೀರು, ನಡುವೆ ನೀವು. ಸೈಕಲ್ಲಿಗೆ ಇದಕ್ಕಿಂತ ಒಳ್ಳೆ ಜಾಗ ಸಿಗುವುದು ಕಷ್ಟ.

ಸೈಕಲ್ಲಿನ ದೊಡ್ಡ ಸುಖ ಅಂದರೆ ಯಾರನ್ನೂ ಕೇಳಬೇಕಿಲ್ಲ. ಬಣ್ಣದ ಕೊಕ್ಕರೆಗಳ ಗೂಡಿನ ಮುಂದೆ ಒಂದು ಗಂಟೆ ನಿಂತರೂ ಬಾಡಿಗೆ ಏರುವ ಚಿಂತೆ ಇಲ್ಲ. ಕೊಕ್ಕರೆ ಬೆಳ್ಳೂರಿನಲ್ಲಿ ಇವು ಮರಿ ಮಾಡುವುದು ಸಂಕ್ರಾಂತಿಯ ಆಸುಪಾಸಿನಿಂದ ಬೇಸಿಗೆವರೆಗೆ. ಇಲ್ಲಿ ಮಳೆಗಾಲದ ಕೊನೆಗೇ ಗೂಡು ಕಟ್ಟುತ್ತವೆ. ನವೆಂಬರಿನಲ್ಲಿ ಹೋದರೆ ಅರ್ಧ ಬೆಳೆದ ಮರಿಗಳ ಗಲಾಟೆ ರಸ್ತೆಗೇ ಕೇಳುತ್ತದೆ. ರಂಗನತಿಟ್ಟಿನಲ್ಲಿ ದೋಣಿಯವರು ತಿರುಗಿಸಿದ ಕಡೆ ನೋಡಿ ರೂಢಿಯಾದವರಿಗೆ ಈ ಸ್ವಾತಂತ್ರ್ಯ ಹೊಸದು.

ತೊಂದರೆಯೂ ಇದೆ. ಮಟ್ಟಸ ರಸ್ತೆಯಲ್ಲಿ ಕಾಲು ತಾನಾಗೇ ಜೋರು ತುಳಿಯುತ್ತದೆ. ದೊಡ್ಡ ಹಕ್ಕಿ ಕಾಣುತ್ತವೆ, ಪೊದೆಯ ಸಣ್ಣವು ತಪ್ಪಿಹೋಗುತ್ತವೆ. ಇನ್ನೊಂದು ವಿಚಿತ್ರ ನೋಡಿ. ತುಳಿಯುತ್ತಾ ಹೋದರೆ ಮಿಂಚುಳ್ಳಿ ಕೂತೇ ಇರುತ್ತದೆ. ನಿಲ್ಲಿಸಿ ಕಾಲು ಕೆಳಗಿಟ್ಟಿರೋ, ಪುರ್ರ್! ಹಕ್ಕಿಯ ಎದುರಿಗೇ ಇಳಿಯದೆ ಸ್ವಲ್ಪ ಮುಂದೆ ಹೋಗಿ ಇಳಿಯಿರಿ.

ಬಾಡಿಗೆ ಸೈಕಲ್ ಆರಿಸುವಾಗ ಎಲ್ಲರೂ ಬ್ರೇಕ್ ನೋಡುತ್ತಾರೆ. ನಾನು ಮೊದಲು ಸ್ಟ್ಯಾಂಡ್ ನೋಡುತ್ತೇನೆ. ಬೈನಾಕ್ಯುಲರಿಗೆ ಎರಡೂ ಕೈ ಬೇಕಲ್ವಾ? ಸ್ಟ್ಯಾಂಡ್ ಸಡಿಲವಿದ್ದರೆ ಸೈಕಲ್ ಸೊಂಟಕ್ಕೆ ಒರಗಿಸಿಕೊಂಡೇ ನೋಡಬೇಕು. ಹೊರಗಿನ ಅಂಗಡಿಯೊಂದರಲ್ಲಿ ಕೊಟ್ಟ ಸೈಕಲ್ಲಿನ ಸೀಟು ಪ್ರತಿ ಕುಲುಕಿಗೂ ಒಂದೊಂದು ಬೆರಳು ಕೆಳಗಿಳಿಯುತ್ತಿತ್ತು. ಗುಡಿ ಮುಟ್ಟುವಷ್ಟರಲ್ಲಿ ಮೊಣಕಾಲು ಹ್ಯಾಂಡಲ್ ಮುಟ್ಟುತ್ತಿತ್ತು. ಕೂತು ಒಂದು ಸುತ್ತು ಹೊಡೆದು ನೋಡಿಯೇ ದುಡ್ಡು ಕೊಡಿ. ಮಣ್ಣಿನ ದಾರಿಯಲ್ಲಿ ಜಾಲಿ ಮುಳ್ಳು ಧಾರಾಳ, ಪಂಕ್ಚರ್ ಆದರೆ ತಳ್ಳಿಕೊಂಡೇ ವಾಪಸ್.

ನಡಿಗೆ? ಗೇಟಿನಿಂದಲೇ ನಡೆಯುವುದು ನನಗೆ ಒಗ್ಗಲಿಲ್ಲ. ಮೊದಲ ಒಂದೂವರೆ ಕಿಲೋಮೀಟರ್ ಒಣ ಕುರುಚಲು, ಹೋಗಿಬರಲು ಹತ್ತು ಕಿಲೋಮೀಟರ್. ಅದರ ಬದಲು ಸೈಕಲ್ಲನ್ನು ಗುಡಿಯ ಹತ್ತಿರ ಬೀಗ ಹಾಕಿ ನಿಲ್ಲಿಸಿ, ಅಲ್ಲಿಂದಾಚೆ ನಡೆಯಿರಿ. ಬಿಸಿಲೇರಿದ ಮೇಲೆ ಬಿಲದ ಬಾಯಲ್ಲಿ ಹೆಬ್ಬಾವು ಮೈ ಕಾಯಿಸುವುದು, ದೂರದ ಹುಲ್ಲಿನಲ್ಲಿ ಸಾರಸ್ ಜೋಡಿ ನಿಧಾನಕ್ಕೆ ಹೆಜ್ಜೆ ಹಾಕುವುದು, ಇವೆಲ್ಲ ನಡೆಯುವವರ ಪಾಲು. ಗುಡಿಯ ಹತ್ತಿರದ ಕಲ್ಲುಗಳನ್ನೂ ಓದಿ. ಯಾವ ಸಾಹೇಬರು ಬಂದಾಗ ಎಷ್ಟು ಬಾತು ಉರುಳಿದವು ಅಂತ ಕೆತ್ತಿದ್ದಾರೆ. 1938ರಲ್ಲಿ ವೈಸ್‌ರಾಯ್ ಲಿನ್ಲಿತ್‌ಗೋ ತಂಡ ಒಂದೇ ದಿನ ಹೊಡೆದದ್ದು 4,273 ಹಕ್ಕಿ. ಓದಿದ ಮೇಲೆ ನನಗೆ ಬಿಸ್ಕತ್ತು ಇಳಿಯಲಿಲ್ಲ.

ಮೊದಲ ಸಲ ಹೋಗುವವರು ಬೆಳಿಗ್ಗೆ ಎರಡು ಮೂರು ಗಂಟೆ ಸೈಕಲ್ ರಿಕ್ಷಾ ಹಿಡಿಯಿರಿ, ಮಧ್ಯಾಹ್ನದ ಮೇಲೆ ಸೈಕಲ್. ಬೆಳಿಗ್ಗೆ ತೋರಿಸಿದ ಮರಗಳನ್ನು ಸಂಜೆ ನೀವೇ ಹುಡುಕಬಹುದು. ಹಿಂದೊಮ್ಮೆ ಬಂದು ಹೋದವರಿಗೆ, ಒಬ್ಬರೇ ಬಂದವರಿಗೆ ಸೈಕಲ್ಲೇ ಸಾಕು, ಖರ್ಚೂ ಕಡಿಮೆ. ಡಿಸೆಂಬರ್, ಜನವರಿಯಲ್ಲಿ ಮಾತ್ರ ಬೇರೆ ಲೆಕ್ಕ. ಮಂಜು ದಟ್ಟವಾಗಿದ್ದರೆ ರಿಕ್ಷಾದವರಿಗೂ ಹಕ್ಕಿ ಕಾಣುವುದಿಲ್ಲ, ಗಂಟೆ ಮಾತ್ರ ಓಡುತ್ತಿರುತ್ತದೆ. ಅಂಥ ದಿನ ಗೇಟಿನ ಹೊರಗೆ ಇನ್ನೊಂದು ಚಹಾ ಕುಡಿಯಿರಿ, ಮಂಜು ಎದ್ದ ಮೇಲೆ ರಿಕ್ಷಾ ಮಾತಾಡಿ. ಸೈಕಲ್ಲಾದರೆ ಕೈಗೆ ಉಣ್ಣೆಯ ಗ್ಲೌಸ್ ಇರಲಿ. ಬೆಂಗಳೂರಿನ ಸ್ವೆಟರ್ ಅಲ್ಲಿನ ಚಳಿಗೆ ಸಾಲದು.