ಮಾಳಮಡ್ಡಿಯ ಗಣಿತದ ಸರ್: 500 ರೂಪಾಯಿಗೆ ಡಿಗ್ರಿಯ ಪೂರ್ತಿ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ಇದು ಟ್ಯೂಷನ್ ಅಲ್ಲ. ಟ್ಯೂಷನ್ ಬೇಕಾದವರು ಸೀದಾ ಸಪ್ತಾಪುರಕ್ಕೆ ಹೋಗಿ, ಅಲ್ಲಿ ಕೋಚಿಂಗ್ ಬೋರ್ಡುಗಳಿಗೆ ಬರವಿಲ್ಲ. ನಾನು ಹೇಳುತ್ತಿರುವುದು ಧಾರವಾಡದ ಮಾಳಮಡ್ಡಿಯಲ್ಲಿರುವ ಒಬ್ಬ ರಿಟೈರ್ಡ್ ಗಣಿತ ಲೆಕ್ಚರರ್ ಬಗ್ಗೆ. ಮನೆಯ ಪಡಸಾಲೆಯಲ್ಲೇ ಕೂತು, ಡಿಗ್ರಿ ಓದುವ ಹುಡುಗ ಹುಡುಗಿಯರಿಗೆ ಗಣಿತದಲ್ಲಿ ಯಾವ ಪೇಪರ್ ತಗೊಳ್ಳಬೇಕು, ಯಾವುದರ ಮೇಲೆ ಯಾವುದು ನಿಂತಿದೆ, ವಾರದಲ್ಲಿ ಅದಕ್ಕೆ ಎಲ್ಲಿ ಹೊತ್ತು ಮಾಡಿಕೊಳ್ಳಬೇಕು ಅಂತ ಹೇಳಿ ಕಳಿಸುತ್ತಾರೆ. ಫೀ 500 ರೂಪಾಯಿ. ಅದೇ ಹುಡುಗ ಮತ್ತೆ ಹೋದರೆ ದುಡ್ಡು ತಗೊಳ್ಳುವುದಿಲ್ಲ. ಹೆಸರು, ಫೋನ್ ನಂಬರ್ ಎಲ್ಲೂ ಹಾಕಬೇಡಿ ಅಂತ ಅವರೇ ಹೇಳಿದ್ದಾರೆ, ಹಾಗಾಗಿ ಇಲ್ಲೂ ಹಾಕಿಲ್ಲ.

ನಾನು ಹೋಗಿದ್ದು ತಮ್ಮನ ಸಲುವಾಗಿ. ಬಿಎಸ್ಸಿ ಎರಡನೇ ವರ್ಷ, ಫಿಸಿಕ್ಸ್ ಮತ್ತು ಮ್ಯಾಥ್ಸ್. ಅಣ್ಣಿಗೇರಿಯಿಂದ ದಿನಾ ಓಡಾಟ: ಹುಬ್ಬಳ್ಳಿವರೆಗೆ ರೈಲು, ಅಲ್ಲಿಂದ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು. ಪಿಯುಸಿಯಲ್ಲಿ ಗಣಿತ ಅಂದರೆ ಕುಣಿಯುತ್ತಿದ್ದವನು ಡಿಗ್ರಿಗೆ ಬಂದಮೇಲೆ ಮಂಕಾಗಿಬಿಟ್ಟ. ಮೊದಲು ಹುಬ್ಬಳ್ಳಿಯಲ್ಲಿ ಒಂದು ಎ.ಸಿ. ಇರುವ ಕರಿಯರ್ ಕೌನ್ಸೆಲಿಂಗ್ ಸೆಂಟರಿಗೆ ಕರೆದುಕೊಂಡು ಹೋಗಿದ್ದೆವು. 3000 ರೂಪಾಯಿ. ಕಂಪ್ಯೂಟರಿನಲ್ಲಿ ಒಂದು ಟೆಸ್ಟ್ ಕೊಟ್ಟರು, ಬಣ್ಣಬಣ್ಣದ ಫೈಲ್ ಕೊಟ್ಟರು. ಅದರಲ್ಲಿದ್ದ ಸಾರ ಇಷ್ಟು: ಹುಡುಗನಿಗೆ ಲೆಕ್ಕದ ತಲೆ ಇದೆ, ಡೇಟಾ ಸೈನ್ಸ್ ಅಥವಾ ಟೀಚಿಂಗ್ ಅಥವಾ ಬ್ಯಾಂಕಿಂಗ್ ಆಗಿಬರುತ್ತದೆ. ಇಷ್ಟನ್ನು ನಮ್ಮ ಅಪ್ಪ ಪುಕ್ಕಟೆ ಹೇಳುತ್ತಿದ್ದರು. ಮುಂದಿನ ಸೆಮಿಸ್ಟರಿನಲ್ಲಿ ಯಾವ ಎಲೆಕ್ಟಿವ್ (ಆಯ್ಕೆಯ ಪೇಪರ್) ತಗೊಳ್ಳಬೇಕು ಅಂತ ಕೇಳಿದರೆ "ಇಂಟರೆಸ್ಟ್ ಇರೋದು ತಗೊಳ್ಳಿ" ಅಂದರು. ಆ ಪೇಪರಿನಲ್ಲಿ ಏನಿದೆ ಅಂತಲೇ ಗೊತ್ತಿಲ್ಲದ ಹುಡುಗನಿಗೆ ಇಂಟರೆಸ್ಟ್ ಎಲ್ಲಿಂದ ಬರಬೇಕು?

ಈ ಸರ್ ಹಾಗಲ್ಲ. "ಮುಂದ ಏನಾಗ್ತೀ?" ಅಂತ ಮೊದಲು ಕೇಳುವುದೇ ಇಲ್ಲ. ಸಿಲಬಸ್ ಕೊಡು, ಮಾರ್ಕ್ಸ್ ಕಾರ್ಡ್ ಕೊಡು, ಕ್ಲಾಸಿನ ಟೈಮ್‌ಟೇಬಲ್ ಕೊಡು ಅನ್ನುತ್ತಾರೆ. ನಾನು ನಡುವೆ ಬಾಯಿ ಹಾಕಿ ಏನೋ ವಿವರಿಸಲು ಹೋದೆ. "ಅಕ್ಕಾರ, ನೀವ್ ಚಾ ಕುಡೀರಿ, ಅವ ಮಾತಾಡ್ಲಿ" ಅಂದರು. ಚಹಾ ನಿಜವಾಗಲೂ ಬಂತು, ಚೆನ್ನಾಗಿತ್ತು.

ಆಮೇಲೆ ಒಂದು ಹಾಳೆ ತೆಗೆದು ತಮ್ಮನ ಮುಂದೆ ಸರಿಸಿದರು. ಒಂದು, ಅರ್ಧ, ಮೂರನೇ ಒಂದು, ಕಾಲು, ಹೀಗೆ 1/n ಸೊನ್ನೆಯ ಕಡೆ ಹೋಗುತ್ತದೆ ಅಲ್ವಾ ಅಂದರು. ಇವನು ಹೌದು ಅಂದ. ಹಾಗಾದರೆ ಎಲ್ಲಿಂದ ಮುಂದೆ ಎಲ್ಲಾ ಪದಗಳೂ 0.01ಕ್ಕಿಂತ ಕಡಿಮೆ ಇರುತ್ತವೆ? ಇವನು ಥಟ್ಟನೆ "ನೂರರಿಂದ" ಅಂದ. ಸರ್ ಪೆನ್ನು ಕೆಳಗಿಟ್ಟು, "ನೂರರಿಂದನೋ, ನೂರಾ ಒಂದರಿಂದನೋ, ತಮ್ಮಾ?" ಅಂತ ಕೇಳಿ ಸುಮ್ಮನೆ ಕೂತರು. ಇವನು ಹಾಳೆ ನೋಡಿದ, ಚಾವಣಿ ನೋಡಿದ. ನೂರನೇ ಪದ ಸರಿಯಾಗಿ 0.01, ಅದಕ್ಕಿಂತ ಕಡಿಮೆ ಅಲ್ಲ. ಹಾಗಾಗಿ ನೂರಾ ಒಂದು. ಉತ್ತರ ಬಂದಮೇಲೆ, ಇನ್ನು 0.01 ಜಾಗದಲ್ಲಿ ನಾನು ಸೊನ್ನೆಗಿಂತ ದೊಡ್ಡದಾದ ಯಾವ ಸಂಖ್ಯೆ ಕೊಟ್ಟರೂ ಇದೇ ಥರ ಒಂದು ಜಾಗ ಹುಡುಕಿ ಕೊಡುತ್ತೀಯಾ ಅಂತ ಕೇಳಿದರು. ಕ್ಲಾಸಿನಲ್ಲಿ ಎಪ್ಸಿಲಾನ್ ಅಂತ ಬರೆದುಕೊಂಡು ಬಾಯಿಪಾಠ ಮಾಡಿದ್ದ ಲಿಮಿಟ್ ಡೆಫಿನಿಷನ್ ಇದೇ ಅಂತ ನನ್ನ ತಮ್ಮನಿಗೆ ಆಗ ಹೊಳೆಯಿತು. ಪಕ್ಕದಲ್ಲಿ ಕೂತ ನನಗೂ ಹೊಳೆಯಿತು, ನಾನು ಬಿಕಾಂ.

ಈ ಹತ್ತು ನಿಮಿಷದಲ್ಲೇ ಸರ್ ಅವನ ರೋಗ ಹಿಡಿದರು. ಲೆಕ್ಕ ಬಿಡಿಸಲು ಬರುತ್ತದೆ, ಪ್ರೂಫ್, ಅಂದರೆ ಒಂದು ಮಾತು ಯಾಕೆ ನಿಜ ಅಂತ ಹೆಜ್ಜೆಹೆಜ್ಜೆಯಾಗಿ ಸಾಧಿಸುವುದು, ಬರೆದು ರೂಢಿ ಇಲ್ಲ. ಪಿಯುಸಿ ಗಣಿತ ಹೆಚ್ಚುಕಡಿಮೆ ಪೂರ್ತಿ ಬಿಡಿಸುವ ಗಣಿತ. ಡಿಗ್ರಿಯಲ್ಲಿ ರಿಯಲ್ ಅನಾಲಿಸಿಸ್, ಗ್ರೂಪ್ ಥಿಯರಿ ಥರದ ಪ್ರೂಫಿನ ಪೇಪರ್ ಬಂದ ತಕ್ಷಣ ಆಟದ ನಿಯಮವೇ ಬೇರೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹುಡುಗರು ತಮಗೆ ತಲೆ ಇಲ್ಲ ಅಂದುಕೊಳ್ಳುತ್ತಾರೆ.

ಅವರು ಹಾಳೆಯ ಮೇಲೆ ಹಾಕಿಕೊಟ್ಟ ಕ್ರಮ ಯಾರಿಗಾದರೂ ಉಪಯೋಗ ಆಗಬಹುದು, ಅದಕ್ಕೇ ಬರೆಯುತ್ತಿದ್ದೇನೆ. ಕ್ಯಾಲ್ಕುಲಸ್ ಕೈಗೆ ಹತ್ತಿದ ಮೇಲೆ ರಿಯಲ್ ಅನಾಲಿಸಿಸ್, ಅದಾದ ಮೇಲೆ ಕಾಂಪ್ಲೆಕ್ಸ್ ಅನಾಲಿಸಿಸ್. ಇದನ್ನು ಹಿಂದೆಮುಂದೆ ಮಾಡಬಾರದು. ಗ್ರೂಪ್ ಥಿಯರಿಗೆ ಕ್ಯಾಲ್ಕುಲಸ್ ಹೆಚ್ಚು ಬೇಕಾಗಿಲ್ಲ, ಆದರೆ ಅದೂ ಪ್ರೂಫಿನ ಪೇಪರ್. ಹಾಗಾಗಿ ಪ್ರೂಫ್ ಹೊಸದಾಗಿ ಕಲಿಯುವವನು ರಿಯಲ್ ಅನಾಲಿಸಿಸ್ ಮತ್ತು ಗ್ರೂಪ್ ಥಿಯರಿ ಎರಡನ್ನೂ ಒಂದೇ ಸೆಮಿಸ್ಟರಿನಲ್ಲಿ ಹೊತ್ತುಕೊಳ್ಳಬಾರದು. ಕಾಲೇಜೇ ಎರಡನ್ನೂ ಒಟ್ಟಿಗೆ ಇಟ್ಟಿದ್ದರೆ? ಆಗ ಆ ಸೆಮಿಸ್ಟರಿನಲ್ಲಿ ಬೇರೆ ಸರ್ಟಿಫಿಕೇಟ್ ಕೋರ್ಸು, ಆನ್‌ಲೈನ್ ಕೋರ್ಸು ಅಂತ ಯಾವುದನ್ನೂ ಮೈಮೇಲೆ ಹಾಕಿಕೊಳ್ಳಬೇಡ, ನಮ್ಮ ಕೈಯಲ್ಲಿರುವ ಆಯ್ಕೆಯ ಪೇಪರ್ ಹಗುರವಾದದ್ದು ಇರಲಿ ಅನ್ನುತ್ತಾರೆ. ನ್ಯೂಮರಿಕಲ್ ಮೆಥಡ್ಸ್ ಅಂಥದ್ದು. ಕ್ಯಾಲ್ಕುಲಸ್ ಇದ್ದು, ಪೈಥಾನ್ ಅಥವಾ ಸೈಲ್ಯಾಬ್‌ನಲ್ಲಿ ನಾಲ್ಕು ಸಾಲು ಕೋಡ್ ಬರೆಯಲು ಬಂದರೆ ಸಾಕು.

ಲೀನಿಯರ್ ಆಲ್ಜೀಬ್ರಾ (ಮ್ಯಾಟ್ರಿಕ್ಸ್, ಸಮೀಕರಣಗಳ ಗುಂಪು ಇವುಗಳ ಗಣಿತ) ಬಗ್ಗೆ ಮಾತ್ರ ಅವರದು ಹಟ. ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಓದು, ಕಾಲೇಜು ಕೊನೆಗೆ ಇಟ್ಟಿದ್ದರೂ ನೀನಾಗಿ ಓದು. ಅದಕ್ಕೆ ಮುಂಚೆ ಓದಿರಬೇಕಾದದ್ದು ಕಡಿಮೆ, ಅದನ್ನು ಬೇಡುವ ವಿಷಯಗಳು ಬಹಳ. ಡಿಫರೆನ್ಷಿಯಲ್ ಈಕ್ವೇಷನ್‌ಗಳು ಎರಡು ಮೂರು ಒಟ್ಟಿಗೆ ಬಂದರೆ ಐಗನ್ ವ್ಯಾಲ್ಯೂ (ಮ್ಯಾಟ್ರಿಕ್ಸಿಗೆ ಸೇರಿದ ಕೆಲವು ವಿಶೇಷ ಸಂಖ್ಯೆಗಳು) ಬೇಕು. ಫಿಸಿಕ್ಸಿನವರಿಗೆ ಕ್ವಾಂಟಮ್ ಮೆಕ್ಯಾನಿಕ್ಸಿನಲ್ಲಿ ಅದೇ ಐಗನ್ ವ್ಯಾಲ್ಯೂ ಮತ್ತೆ ಎದುರಾಗುತ್ತದೆ. ಮಷಿನ್ ಲರ್ನಿಂಗ್ ಅಂತ ಹೊರಟವರಿಗೂ ಅದೇ ಗತಿ. ಮ್ಯಾಟ್ರಿಕ್ಸ್ ಇನ್ವರ್ಸ್ ಕಂಡುಹಿಡಿಯಲು ಬರುವ ಹುಡುಗರಿಗೆ, ಸಮೀಕರಣಗಳಿಗೆ ಉತ್ತರವೇ ಇಲ್ಲದಿರುವುದು ಯಾವಾಗ ಅಂತ ಕೇಳಿದರೆ ಹೇಳಲು ಬರುವುದಿಲ್ಲ ಅಂತ ಅವರ ಗೊಣಗಾಟ.

ಇಲ್ಲಿ ಒಂದು ಮಾತು. ಸೀನಿಯರ್‌ಗಳನ್ನು ಕೇಳಿದರೆ ಸಾಕಲ್ವಾ, ಇದಕ್ಕೆಲ್ಲ 500 ರೂಪಾಯಿ ಯಾಕೆ ಅಂತ ನನಗೂ ಅನಿಸಿತ್ತು. ತೊಂದರೆ ಏನಂದರೆ ಕರ್ನಾಟಕದಲ್ಲಿ ಡಿಗ್ರಿಯ ಸ್ಕೀಮ್, ಅಂದರೆ ಯಾವ ಸೆಮಿಸ್ಟರಿಗೆ ಯಾವ ಪೇಪರ್ ಅನ್ನುವ ಪಟ್ಟಿ, ಪದೇಪದೇ ಬದಲಾಗಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ, ಅಂದರೆ ಎನ್‌ಇಪಿ ಬಂತು, ನಾಲ್ಕು ವರ್ಷದ ಆನರ್ಸ್ ಅಂದರು. 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ. ಹಾಗಾಗಿ ಸೀನಿಯರ್ ಹೇಳುವ "ಮೂರನೇ ಸೆಮ್‌ನ ಪೇಪರ್" ನಿಮ್ಮ ಮೂರನೇ ಸೆಮ್‌ನಲ್ಲಿ ಇರಬೇಕೆಂದೇನಿಲ್ಲ. ಪೇಪರಿನ ಹೆಸರು ಅದೇ ಇದ್ದು ಒಳಗಿನ ಯೂನಿಟ್‌ಗಳು ಬೇರೆ ಇರಬಹುದು. ಸರ್ ಪ್ರತಿ ಹುಡುಗನ ಹತ್ತಿರ ಅವನದೇ ಬ್ಯಾಚಿನ ಸಿಲಬಸ್ ಕೇಳುವುದು ಇದಕ್ಕೇ.

ನನಗೆ ತುಂಬ ಹಿಡಿಸಿದ್ದು ಜ್ಯಾಮ್ ಪರೀಕ್ಷೆ ಬಗ್ಗೆ ಅವರು ಹೇಳಿದ್ದು. ಐಐಟಿಗಳಲ್ಲಿ ಎಂಎಸ್ಸಿ ಮಾಡಬೇಕು ಅಂದರೆ ಐಐಟಿ ಜ್ಯಾಮ್ ಬರೆಯಬೇಕು. ಮೂರು ತಾಸು, 60 ಪ್ರಶ್ನೆ, 100 ಅಂಕ. ಅದು ಫೆಬ್ರುವರಿಯಲ್ಲಿ ನಡೆಯುತ್ತದೆ. ಫೆಬ್ರುವರಿ ಅಂದರೆ ಆರನೇ ಸೆಮಿಸ್ಟರ್ ಆಗಷ್ಟೇ ಕಣ್ಣು ಬಿಡುವ ಹೊತ್ತು. ಕಾಲೇಜು ಆರನೇ ಸೆಮಿಸ್ಟರಿನಲ್ಲಿ ಕಲಿಸುವ ಯಾವುದೇ ಟಾಪಿಕ್ ಜ್ಯಾಮ್‌ಗೆ ಬೇಕಿದ್ದರೆ ಅದು ತಡವಾಯಿತು ಅಂತಲೇ ಲೆಕ್ಕ. ಸಿಲಬಸ್ ಪಕ್ಕದಲ್ಲಿ ಜ್ಯಾಮ್ ಸಿಲಬಸ್ ಇಟ್ಟುಕೊಂಡು, ಫೆಬ್ರುವರಿಗೆ ಮುಂಚೆ ಕ್ಲಾಸಿನಲ್ಲಿ ಸಿಗದ ಟಾಪಿಕ್‌ಗಳಿಗೆಲ್ಲ ಸರ್ ಕೆಂಪು ಗೆರೆ ಹಾಕಿಕೊಟ್ಟರು. ಆ ಗೆರೆ ಬಿದ್ದವನ್ನು ಐಐಟಿಗಳ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ನೋಡು ಅಂದರು. ಜುಲೈನಲ್ಲೊಂದು, ಜನವರಿಯಲ್ಲೊಂದು ಹೀಗೆ ವರ್ಷಕ್ಕೆ ಎರಡು ಸಲ ಕೋರ್ಸುಗಳು ಶುರುವಾಗುತ್ತವೆ, ಸೇರಲು ದುಡ್ಡಿಲ್ಲ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಫೀ. ಕೊನೇ ವರ್ಷದ ಜುಲೈ ಬ್ಯಾಚ್ ತಪ್ಪಿಸಿಕೊಂಡರೆ ಜ್ಯಾಮ್‌ಗೆ ಅದು ದಕ್ಕುವುದಿಲ್ಲ. ಜೊತೆಗೆ, ಆ ಪರೀಕ್ಷೆಯಲ್ಲಿ ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರಬಹುದಾದ 10 ಪ್ರಶ್ನೆಗಳಿರುತ್ತವೆ. ಅವಕ್ಕೆ ನೆಗೆಟಿವ್ ಮಾರ್ಕ್ಸ್ ಇಲ್ಲ, ಆದರೆ ಎಲ್ಲಾ ಸರಿ ಉತ್ತರ ಗುರುತಿಸದಿದ್ದರೆ ಸೊನ್ನೆ. "ಅಲ್ಲಿ ಅಂದಾಜು ನಡೆಯಂಗಿಲ್ಲಪಾ" ಅಂತ ನಕ್ಕರು. 

ಬೇಸಿಗೆಗೆ ಎಂಟಿಟಿಎಸ್ ಅನ್ನುವ ಗಣಿತ ಶಿಬಿರಕ್ಕೆ ಅರ್ಜಿ ಹಾಕಲು ಹೇಳಿದ್ದಾರೆ. 1993ರಿಂದ ನಡೆಯುತ್ತಿರುವ ಶಿಬಿರವಂತೆ, ಅಲ್ಲಿ ಹುಡುಗರಿಗೆ ಪ್ರಶ್ನೆ ಕೇಳಿಕೇಳಿಯೇ ಕಲಿಸುತ್ತಾರಂತೆ. ಸಿಗುತ್ತದೋ ಇಲ್ಲವೋ ನೋಡಬೇಕು.

ಇನ್ನು ವಾರದ ಲೆಕ್ಕ. ಟೈಮ್‌ಟೇಬಲ್ ಕೊಡುವುದು ಕಾಲೇಜು, ಅದನ್ನು ಬದಲಿಸಲು ಆಗಲ್ಲ, ಹಾಗಾದರೆ ಇವರು ಏನು ಪ್ಲಾನ್ ಮಾಡುತ್ತಾರೆ ಅಂತ ಕೇಳಬಹುದು. ಉಳಿದ ಹೊತ್ತಿನದು. ಫಿಸಿಕ್ಸ್ ಪ್ರಾಕ್ಟಿಕಲ್ ಇರುವ ದಿನ ಮಧ್ಯಾಹ್ನ ಪೂರ್ತಿ ಹೋಗುತ್ತದೆ, ಮನೆ ಮುಟ್ಟುವಾಗ ಕತ್ತಲು. ಆ ದಿನ ರಾತ್ರಿ ಗಣಿತ ಬೇಡ, ರೆಕಾರ್ಡ್ ಬರೆದು ಮಲಗು. ಉಳಿದ ದಿನ ಕ್ಲಾಸಿನಲ್ಲಿ ಮಾಡಿದ್ದರಲ್ಲಿ ಎರಡೇ ಎರಡು ಲೆಕ್ಕ, ನೋಟ್ಸ್ ಮುಚ್ಚಿಟ್ಟು, ಅವತ್ತೇ ಸಂಜೆ. ಬೆಳಗಿನ ರೈಲಿನಲ್ಲಿ ಸೀಟು ಸಿಗುತ್ತದಾ ಅಂತ ಕೇಳಿದರು. ಸಿಗುತ್ತದೆ ಅಂದ. ಹಾಗಾದರೆ ಅಲ್ಲಿ ಲೆಕ್ಕ ಬಿಡಿಸಬೇಡ, ಒಂದು ಥಿಯರಮ್ ತಗೊಂಡು ಅದರಲ್ಲಿರುವ ಒಂದು ಷರತ್ತು ತೆಗೆದರೆ ಏನು ಕೆಡುತ್ತದೆ ಅಂತ ಯೋಚಿಸು. ಚಿಗರಿಯಲ್ಲಿ ನಿಂತುಕೊಂಡು ಹೋಗುವಾಗ ಏನೂ ಬೇಡ, ಹೊರಗೆ ನೋಡು. ಭಾನುವಾರ ಆರು ತಾಸು ಒಂದೇ ಸಮ ಕೂತು ಗಣಿತ ಮುಗಿಸುತ್ತೇನೆ ಅನ್ನುವವರನ್ನು ಕಂಡರೆ ಅವರಿಗೆ ಆಗುವುದಿಲ್ಲ. ವಾರದ ಪ್ರೂಫ್‌ಗಳನ್ನು ಪುಸ್ತಕ ನೋಡದೆ ಬರೆ, ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿ ಗುರುತು ಹಾಕು, ಸೋಮವಾರ ಕಾಲೇಜಿನ ಮೇಡಂ ಹತ್ತಿರ ಆ ಗುರುತನ್ನೇ ತೋರಿಸು. ಇದಿಷ್ಟೇ ಭಾನುವಾರದ ಕೆಲಸ. ಕ್ರಿಕೆಟ್‌ಗೆ ಹೊತ್ತು ಬಿಟ್ಟಿದ್ದಾರೆ, ಅದಕ್ಕೇ ತಮ್ಮ ಈ ಪ್ಲಾನ್ ಪಾಲಿಸುತ್ತಿದ್ದಾನೆ ಅಂತ ನನ್ನ ಅನುಮಾನ.

ಈಗ ದೂರುಗಳು, ಅವೂ ಇವೆ. ಹೇಳಿದ ಟೈಮಿಗೆ ಒಳಗೆ ಕರೆಯುವುದಿಲ್ಲ. ಹಿಂದಿನ ಹುಡುಗನ ಜೊತೆ ಯಾವುದೋ ಲೆಕ್ಕ ಹತ್ತಿಕೊಂಡರೆ ಮುಗಿಯಿತು, ನೀವು ಕಟ್ಟೆಯ ಮೇಲೆ ಕೂತಿರಬೇಕು. ಕರೆದ ಮೇಲೂ ಪಾವಟೆಯವರ ಕಥೆ ಕೇಳಿಸಿಕೊಳ್ಳಬೇಕು. ಕರ್ನಾಟಕ ವಿಶ್ವವಿದ್ಯಾಲಯಕ್ಕೆ 1954ರಿಂದ 1967ರವರೆಗೆ ಕುಲಪತಿಯಾಗಿದ್ದ ಡಿ.ಸಿ. ಪಾವಟೆಯವರು ಗೋಕಾಕ ತಾಲೂಕಿನಿಂದ ಕೇಂಬ್ರಿಜ್‌ಗೆ ಹೋಗಿ ಗಣಿತದಲ್ಲಿ ರ್‍ಯಾಂಗ್ಲರ್ (ಅಲ್ಲಿ ಗಣಿತದಲ್ಲಿ ಮೊದಲ ದರ್ಜೆ ಪಡೆದವರ ಬಿರುದು) ಆಗಿ ಬಂದವರು. ಕಥೆ ಚೆನ್ನಾಗಿದೆ, ನಮ್ಮ ಕಡೆಯವರಿಗೆ ಹೆಮ್ಮೆಯದೇ. ಆದರೆ ಕೊನೇ ಚಿಗರಿ ಹಿಡಿಯುವ ಚಿಂತೆಯಲ್ಲಿರುವಾಗ ಅಲ್ಲ.

ಇದಕ್ಕಿಂತ ದೊಡ್ಡ ದೂರು: ಸ್ಟ್ಯಾಟಿಸ್ಟಿಕ್ಸ್ ಅಂದರೆ ಅವರಿಗೆ ಒಂಥರಾ ತಾತ್ಸಾರ. ನಮ್ಮ ಹಿಂದೆ ಕೂತಿದ್ದ ಹಾವೇರಿಯ ಹುಡುಗಿ ಮ್ಯಾಥ್ಸ್ ಮತ್ತು ಸ್ಟ್ಯಾಟ್ಸ್ ಓದುತ್ತಿದ್ದಳು. ಪ್ರಾಬಬಿಲಿಟಿ ಕೇಳಿದರೆ ಇವರು ಎರಡೇ ವಾಕ್ಯದಲ್ಲಿ ಮುಗಿಸಿ ಮತ್ತೆ ಅನಾಲಿಸಿಸ್‌ಗೆ ಬಂದುಬಿಟ್ಟರು. ಇದು ಸರಿಯಲ್ಲ. ಬಿಎಸ್ಸಿ ಮುಗಿಸಿ ಒಂದು ಕೆಲಸ ಹಿಡಿಯಬೇಕು ಅನ್ನುವ ಮನೆಯ ಹುಡುಗಿಗೆ ಪ್ರಾಬಬಿಲಿಟಿ, ಇನ್‌ಫರೆನ್ಸ್, ಸ್ವಲ್ಪ ಕೋಡಿಂಗ್ ಜಾಸ್ತಿ ಉಪಯೋಗಕ್ಕೆ ಬರಬಹುದು. ಎಲ್ಲರೂ ಎಂಎಸ್ಸಿ, ಪಿಎಚ್‌ಡಿ ಅಂತ ಹೋಗುವುದಿಲ್ಲವಲ್ಲ. ಅವಳು ಮುಖ ಸಪ್ಪೆ ಮಾಡಿಕೊಂಡು ಹೋದಳು, ದುಡ್ಡು ವಾಪಸ್ ಕೊಟ್ಟರು ಅನ್ನುವುದನ್ನೂ ಹೇಳಬೇಕು.

ಎಂಜಿನಿಯರಿಂಗ್ ಹುಡುಗರು ಹೋಗಬೇಡಿ. ವಿಟಿಯು ಸ್ಕೀಮ್ ನನಗೆ ಗೊತ್ತಿಲ್ಲ ಅಂತ ಅವರೇ ಬಾಗಿಲಲ್ಲೇ ಹೇಳುತ್ತಾರೆ. ಪಾಸಾಗಲು ಇಂಪಾರ್ಟೆಂಟ್ ಪ್ರಶ್ನೆಗಳು ಬೇಕು ಅನ್ನುವವರೂ ಹೋಗಬೇಡಿ, ಬೈಸಿಕೊಳ್ಳುತ್ತೀರಿ. ಬಿಎಸ್ಸಿ ಮೊದಲ ಅಥವಾ ಎರಡನೇ ವರ್ಷದಲ್ಲಿದ್ದು, ಗಣಿತ ಇಷ್ಟ ಇದ್ದೂ ಎಲ್ಲೋ ದಾರಿ ತಪ್ಪಿದೆ ಅನಿಸುವವರಿಗೆ ಇದು ಹೇಳಿ ಮಾಡಿಸಿದ ಜಾಗ. ಕೊನೇ ವರ್ಷದ ಡಿಸೆಂಬರಿನಲ್ಲಿ ಹೋದರೆ ಅವರಾದರೂ ಏನು ಮಾಡಿಯಾರು?

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್. ಹೋಗುವವರು ಸಂಜೆ ನಾಲ್ಕರ ನಂತರ ಹೋಗಿ, ಕ್ಯಾಶ್ ಇಟ್ಟುಕೊಳ್ಳಿ, ಫೋನ್‌ಪೇ ಇಲ್ಲ. ಸಿಲಬಸ್ ಪ್ರಿಂಟ್ ತಗೊಂಡೇ ಹೋಗಿ. ಮೊಬೈಲಿನಲ್ಲಿ ಪಿಡಿಎಫ್ ತೋರಿಸಿದರೆ ರೈಲ್ವೆ ಸ್ಟೇಷನ್ ಕಡೆಯ ಝೆರಾಕ್ಸ್ ಅಂಗಡಿಗೆ ವಾಪಸ್ ಕಳಿಸುತ್ತಾರೆ, ಬರುವಷ್ಟರಲ್ಲಿ ನಿಮ್ಮ ಪಾಳಿ ಹೋಗಿರುತ್ತದೆ.