ಡೆಪ್‌ಟ್ರೈ: ಪೈಥಾನ್ ಡಿಪೆಂಡೆನ್ಸಿ ಪಟ್ಟಿಗೆ ನಂಬಬಹುದಾದ ಟೂಲ್

ಮಂಗಳೂರು, ಮಣಿಪಾಲದ ಸಣ್ಣ ಪೈಥಾನ್ ತಂಡಗಳು ಕಣ್ಣುಮುಚ್ಚಿ ಹಾಕಿಕೊಳ್ಳಬಹುದಾದ ಟೂಲ್ ಡೆಪ್‌ಟ್ರೈ. ಕೋಡಿನ ಇಂಪೋರ್ಟುಗಳನ್ನೂ (ಕೋಡು ಕರೆದು ಬಳಸುವ ಪ್ಯಾಕೇಜುಗಳು) ಪೈಪ್ರಾಜೆಕ್ಟ್ ಫೈಲಿನ ಡಿಪೆಂಡೆನ್ಸಿ ಪಟ್ಟಿಯನ್ನೂ (ಪ್ರಾಜೆಕ್ಟಿಗೆ ಬೇಕೆಂದು ಬರೆದಿಟ್ಟ ಹೊರಗಿನ ಪ್ಯಾಕೇಜುಗಳು) ತಾಳೆ ಹಾಕಿ, ಬಿಟ್ಟುಹೋದದ್ದು, ಬಳಸದೆ ಉಳಿದದ್ದು ಎರಡನ್ನೂ ತೋರಿಸುತ್ತದೆ. ಉಚಿತ, ಓಪನ್ ಸೋರ್ಸ್. ಒಮ್ಮೆ ಇನ್‌ಸ್ಟಾಲ್ ಆದರೆ ನೆಟ್ ಬೇಡ. ಜುಲೈ ಮಳೆಗೆ ಲೈನ್ ಹೋದರೂ ತಪಾಸಣೆ ನಡೆಯುತ್ತದೆ.

ನಮಗೆ ಬಹಳ ಹಿಡಿಸಿದ್ದು ಡಿಇಪಿ003 ನಿಯಮ: ಪಟ್ಟಿಯಲ್ಲಿಲ್ಲದೆ ಇನ್ನೊಂದು ಪ್ಯಾಕೇಜಿನ ಬೆನ್ನಿಗೆ ಬಂದದ್ದನ್ನು ಕೋಡು ನೇರ ಬಳಸಿದರೆ ಹಿಡಿಯುತ್ತದೆ. ಕೋಡಿನಲ್ಲಿ ಯುಆರ್‌ಎಲ್‌ಲಿಬ್3 ಪ್ಯಾಕೇಜನ್ನು ಇಂಪೋರ್ಟ್ ಮಾಡಿ ಪಟ್ಟಿಯಲ್ಲಿ ರಿಕ್ವೆಸ್ಟ್ಸ್ ಪ್ಯಾಕೇಜ್ ಮಾತ್ರ ಬರೆದಿದ್ದರೂ ಪ್ರೋಗ್ರಾಮ್ ಓಡುತ್ತದೆ, ಏಕೆಂದರೆ ರಿಕ್ವೆಸ್ಟ್ಸ್ ಅದನ್ನು ಜೊತೆಗೇ ತರುತ್ತದೆ. ಮುಂದೆ ರಿಕ್ವೆಸ್ಟ್ಸ್ ತೆಗೆದು ಅದೇ ಕೆಲಸದ ಎಚ್‌ಟಿಟಿಪಿಎಕ್ಸ್ ಹಾಕಿದಿರೋ, ಹೊಸ ಸರ್ವರ್‌ನಲ್ಲಿ ಮಾಡ್ಯೂಲ್ ಸಿಗದೆ ಎಲ್ಲ ನಿಲ್ಲುತ್ತದೆ. ಡೆಪ್‌ಟ್ರೈ ಇದನ್ನು ಮೊದಲೇ ಫೈಲ್, ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ.

ಪ್ರಾಜೆಕ್ಟಿನ ವರ್ಚುವಲ್ ಎನ್ವಿರಾನ್‌ಮೆಂಟ್ (ಅದರ ಪ್ಯಾಕೇಜುಗಳನ್ನು ಪ್ರತ್ಯೇಕವಾಗಿ ಇಟ್ಟ ಜಾಗ) ಒಳಗಿನಿಂದಲೇ ಓಡಿಸಿ. ಹೊರಗಿನಿಂದ ಓಡಿಸಿದರೆ ಪಿಲೋ ಪ್ಯಾಕೇಜಿನ ಇಂಪೋರ್ಟ್ ಹೆಸರು ಪಿಐಎಲ್ ಎಂಬಂಥ ಸಂಗತಿ ಗೊತ್ತಾಗದೆ ಸುಳ್ಳು ದೂರು ಬರಬಹುದು.

ಕೊರತೆಯೂ ಇದೆ. ವೆಬ್ ಸರ್ವರ್ ಗುನಿಕಾರ್ನ್‌ನಂಥವನ್ನು ಯಾರೂ ಇಂಪೋರ್ಟ್ ಮಾಡುವುದಿಲ್ಲ, ಕಮಾಂಡಿನಿಂದ ಓಡಿಸುತ್ತಾರೆ. ಅದನ್ನು ಡೆಪ್‌ಟ್ರೈ ಡಿಇಪಿ002 ನಿಯಮದ ಅಡಿ ‘ಬಳಕೆಯಲ್ಲಿಲ್ಲ’ ಎನ್ನುತ್ತದೆ. ದಯವಿಟ್ಟು ಅಳಿಸಬೇಡಿ, ಆ ನಿಯಮದ ವಿನಾಯಿತಿ ಪಟ್ಟಿಗೆ ಹೆಸರು ಸೇರಿಸಿ. ಭದ್ರತಾ ದೋಷ ಹುಡುಕುವುದು ಇದರ ಕೆಲಸವಲ್ಲ, ಅದಕ್ಕೆ ಪಿಪ್-ಆಡಿಟ್ ಇದೆ.

ತಪ್ಪು ಸಿಕ್ಕರೆ ಎಕ್ಸಿಟ್ ಕೋಡ್ 1 (ವಿಫಲ ಎಂಬ ಸೂಚನೆ) ಕೊಡುವುದರಿಂದ ಸಿಐನಲ್ಲಿ (ಕೋಡ್ ಬದಲಾದಾಗ ತಾನೇ ಓಡುವ ತಪಾಸಣೆ) ಒಂದೇ ಸಾಲು ಹಾಕಿದರೂ ಸಾಕು, ಪಟ್ಟಿ ಕೆಟ್ಟ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಲು ಕೇಳುವ ಕೋರಿಕೆ) ಅಲ್ಲೇ ನಿಲ್ಲುತ್ತದೆ.